ಎರಡನೇ ಕಣ್ಣು

“ಮಗ್ಗಕ್ಕ ಎಣ್ಣಿ ಬಿಡಾವ ನೀ. ಎಂಟನೇ ಇಯತ್ತಾ ದಾಟಿಲ್ಲ. ನಾ ಬರದದ್ದನ್ನ ಓದಿ ತಿಳಕೊಳ್ಳಾಕ ನಿನಗ ಇನ್ನೊಂದು ಜಲ್ಮ ಬೇಕು. ಕುಂದ್ರು.”

ಹಾದಿಮನಿ ಸರ್ ಕೂಗಿ ಹೇಳಲಿಲ್ಲ. ಕನ್ನಡಕ ಒರೆಸುತ್ತ, ಮುಂದಿದ್ದ ಚಹಾದ ಲೋಟಕ್ಕೆ ಹೇಳಿದಂತೆ ಹೇಳಿದರು. ಆದರೆ ಲಿಂಗನಹಟ್ಟಿ ನೇಕಾರರ ಸಂಘದ ಪಡಸಾಲೆಯಲ್ಲಿ ಕೂತಿದ್ದ ಅರವತ್ತು ಮಂದಿಯ ಕಿವಿಯ ಹಿಂದೆಯೂ ಜರಡಿ ಎಂಬ ಒಂದೊಂದು ಕಿವಿಯಂತ್ರ ಇತ್ತು, ಹುಣಸೆಬೀಜದಷ್ಟು ಗಾತ್ರದ್ದು, ಎಲುಬಿಗೆ ಅಂಟಿಕೊಂಡು. ಸರ್ ಗಂಟಲಲ್ಲಿ ಹುಟ್ಟಿದ ಮಾತು ಅರವತ್ತು ತಲೆಗಳೊಳಗೆ ನೇರ ಹೋಗಿ ಇಳಿಯಿತು. ತಗ್ಗಿದ ದನಿಯನ್ನು ಎತ್ತಿ ಕೊಡುವ ಆ ನಲವತ್ತು ಸಾಲು ಕೋಡ್ ಬರೆದವನು ಯಾರು? ಈಗ ಬೈಸಿಕೊಂಡು ನಿಂತಿದ್ದ ಕಾಡೇಶನೇ. ಹೋದ ವರ್ಷ ಎರಡು ತಿಂಗಳು ಕೂತು ಬರೆದಿದ್ದ. ತಾನೇ ಸಾಣೆ ಹಿಡಿದ ಕುಡುಗೋಲು ತನ್ನ ಕೊರಳಿಗೆ ಎಷ್ಟು ಸಲೀಸಾಗಿ ಇಳಿಯುತ್ತದೆ ಎಂಬುದನ್ನು ಈಗ ನಿಂತಲ್ಲೇ ನೋಡಿದ.

ಯಾರೋ ನಕ್ಕರು. ನಗುವೂ ಎಲುಬಿನ ಮೂಲಕವೇ ಬಂತು. ಮೂರನೇ ಸಾಲಿನಲ್ಲಿ ಅವನ ಅವ್ವ ನೀಲವ್ವ ಕೂತಿದ್ದಳು. ಹನ್ನೆರಡು ವರ್ಷ ಏನೂ ಕೇಳಿಸದೆ ಬದುಕಿದವಳು. ಈಗ ಇದೂ ಕೇಳಿಸಿತು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡು ನೆಲ ನೋಡಿದಳು.

ಅವನು ಕೇಳಿದ್ದು ದೊಡ್ಡ ಮಾತೇನಲ್ಲ. ದಿನಾ ಮಧ್ಯಾಹ್ನ ನಾಲ್ಕಕ್ಕೆ ಪ್ರತಿಯೊಂದು ಜರಡಿಯಿಂದಲೂ ಮಾಹಿತಿಯ ಒಂದು ಸಣ್ಣ ಪೊಟ್ಟಣ ಊರ ಹೊರಗೆ ಹೋಗುತ್ತಿದೆ, ಅದು ಯಾರಿಗೆ ಎಂದು ಕೇಳಿದ್ದ. ಆ ಪೊಟ್ಟಣ ಹೋಗುವ ಜಾಗದ ಕೋಡ್ ಮೇಲೆ ಸರ್ ಹೆಸರಿದೆ ಎಂದಿದ್ದ. ಅದಕ್ಕೆ ಬಂದ ಉತ್ತರ ಇದು. ಉತ್ತರ ಇದ್ದವನು ಉತ್ತರ ಕೊಡುತ್ತಾನೆ, ಇಲ್ಲದವನು ಎದುರಿನವನ ಇಯತ್ತೆ ಎಣಿಸುತ್ತಾನೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವುದು ಎಂದರೆ ಇದೇ ಎಂದು ಕಾಡೇಶನಿಗೆ ಅಲ್ಲೇ ಖಾತ್ರಿಯಾಯಿತು. ಅವನು ಕೂಡಲಿಲ್ಲ. ಸಭೆ ಮುಗಿಯುವವರೆಗೆ ಗೋಡೆಗೆ ಒರಗಿ ನಿಂತೇ ಇದ್ದ.

ಲಿಂಗನಹಟ್ಟಿಯಲ್ಲಿ ಐವತ್ತು ದಾಟಿದವರಿಗೆ ಕಿವಿ ಇರುವುದು ಓಲೆ ಹಾಕಿಕೊಳ್ಳಲಿಕ್ಕೆ ಮಾತ್ರ ಎಂದು ಸುತ್ತಲ ಊರಿನವರು ಗೇಲಿ ಮಾಡುತ್ತಿದ್ದ ಕಾಲವಿತ್ತು. ಒಂದೊಂದು ಶೆಡ್ಡಿನಲ್ಲಿ ಇಪ್ಪತ್ತನಾಲ್ಕು ಪವರ್‌ಲೂಮ್ ಮಗ್ಗ. ಎಲ್ಲ ಒಟ್ಟಿಗೆ ಬಡಿದರೆ ಪಕ್ಕದಲ್ಲಿ ಸಿಡಿಲು ಬಿದ್ದರೂ ತಿಳಿಯದು. ಮೂವತ್ತು ವರ್ಷ ಅದರೊಳಗೆ ನಿಂತ ಕಿವಿಯಲ್ಲಿ ಏನು ಉಳಿದೀತು? ಪೇಟೆಯ ಕಿವಿಯಂತ್ರ ಹಾಕಿಕೊಂಡರೆ ಮಾತಿಗಿಂತ ಮೊದಲು ಮಗ್ಗದ ಸದ್ದೇ ಎರಡು ಪಟ್ಟಾಗಿ ಬಂದು ತಲೆ ಸೀಳುತ್ತಿತ್ತು. ಐಟಿಐಯಲ್ಲಿ ಎಲೆಕ್ಟ್ರಾನಿಕ್ಸ್ ಕಲಿಸುತ್ತಿದ್ದ ಹಾದಿಮನಿ ಸರ್‌ಗೆ ಒಂಬತ್ತು ವರ್ಷದ ಹಿಂದೆ ಹೊಳೆದದ್ದು ಇಷ್ಟು: ಗದ್ದಲ ಸೋಸುವುದು ಒಬ್ಬರ ಕಿವಿಯಿಂದ ಆಗುವ ಕೆಲಸವಲ್ಲ, ಇಡೀ ಶೆಡ್ಡಿನ ಕಿವಿಗಳು ಕೂಡಿದರೆ ಆದೀತು. ಪ್ರತಿ ಜರಡಿಯೂ ತನ್ನ ಹತ್ತಿರದ ಮಗ್ಗದ ಬಡಿತ ಕಲಿತು ಉಳಿದ ಜರಡಿಗಳಿಗೆ ಹೇಳುತ್ತದೆ. ಎಲ್ಲ ಸೇರಿ ಆ ಸದ್ದನ್ನು ಕಳೆಯುತ್ತವೆ. ಹಾಕಿಕೊಂಡವರ ಮಾತನ್ನು ಎಲುಬಿನಿಂದಲೇ ಹಿಡಿದು, ಇದು ಇಂಥವರ ದನಿ ಎಂದು ಗುರುತು ಹಚ್ಚಿ, ಪಕ್ಕದ ಜರಡಿಗೆ ದಾಟಿಸುತ್ತವೆ. ಗದ್ದಲ ಉದುರಿಹೋಗುತ್ತದೆ, ಮಾತು ಉಳಿಯುತ್ತದೆ.

ಆ ಕೋಡನ್ನು ಸರ್ ಮಾರಲಿಲ್ಲ, ಬಚ್ಚಿಡಲೂ ಇಲ್ಲ. ಲೋಕಕ್ಕೆಲ್ಲ ಕಾಣುವಂತೆ ಬಿಚ್ಚಿಟ್ಟರು. ಯಾರು ಬೇಕಾದರೂ ಓದಬಹುದು, ತಿದ್ದಬಹುದು. ಮನಸ್ಸು ಮುರಿದರೆ ಅಣ್ಣತಮ್ಮಂದಿರು ಬೇರೆ ಒಲೆ ಹೂಡುವಂತೆ ನಕಲು ತೆಗೆದುಕೊಂಡು ಹೋಗಿ ತಮ್ಮದೇ ಕವಲು ಮಾಡಿಕೊಳ್ಳಬಹುದು. ಪರವಾನಗಿಯಲ್ಲೇ ಹಾಗೆ ಬರೆದಿತ್ತು. ಕಟ್ಟಳೆ ಒಂದೇ. ನೇಯ್ದ ಸೀರೆಯನ್ನು ಮಡಚುವ ಮೊದಲು ನೇಯ್ದವರಲ್ಲದ ಇನ್ನೊಬ್ಬರು ಬೆಳಕಿಗೆ ಹಿಡಿದು ನೋಡುವ ಪದ್ಧತಿ ಊರಲ್ಲಿ ಅಜ್ಜಂದಿರ ಕಾಲದಿಂದ ಇತ್ತು. ಕೋಡಿಗೂ ಅದನ್ನೇ ತಂದರು. ಯಾರೇ ಹೊಸ ಸಾಲು ಬರೆಯಲಿ, ಇನ್ನೊಬ್ಬರು ಅದನ್ನು ಓದಿ ತಮ್ಮ ಹೆಸರಿನ ಮುಂದೆ ‘ಓದಿದೆ’ ಎಂದು ಒತ್ತಬೇಕು. ಎರಡನೇ ಕಣ್ಣು ಬೀಳದೆ ಒಂದು ಚುಕ್ಕೆಯೂ ಜರಡಿಯೊಳಗೆ ಹೋಗದು.

ಕಾಡೇಶ ಈ ಕೋಡ್ ಬರೆಯುವವರ ಕೂಟಕ್ಕೆ ಬಂದದ್ದು ಹತ್ತೊಂಬತ್ತನೇ ವಯಸ್ಸಿಗೆ. ಎಂಟನೇ ಇಯತ್ತೆಯಲ್ಲಿ ಮಾಸ್ತರರ ಕೈಯಿಂದ ಹೊಡೆಯುವ ಪಟ್ಟಿ ಕಸಿದು ಮೊಳಕಾಲಿಗೆ ಮುರಿದು ಹೊರಬಿದ್ದವನು, ಮತ್ತೆ ಶಾಲೆಯ ಕಡೆ ತಲೆ ಹಾಕಲಿಲ್ಲ. ಅವ್ವ ದುಡಿಯುವ ಶೆಡ್ಡಿನಲ್ಲೇ ಜಾಬರ್ ಆದ, ಅಂದರೆ ಕೆಟ್ಟ ಮಗ್ಗ ರಿಪೇರಿ ಮಾಡುವವನು. ಕರೆಂಟು ಹೋದಾಗಲೆಲ್ಲ ಮೊಬೈಲಿನಲ್ಲಿ ಕೋಡ್ ಕಲಿತ. ಮಗ್ಗ ಬಿಚ್ಚಿದವನಿಗೆ ಕೋಡ್ ಬಿಚ್ಚುವುದು ಕಷ್ಟವಾಗಲಿಲ್ಲ. ಎರಡರಲ್ಲೂ ಒಂದು ಎಳೆ ಎಲ್ಲಿ ತುಂಡಾಗಿದೆ ಎಂದು ಹುಡುಕುವುದೇ ಕೆಲಸ. ಕೂಟದ ಕೋಣೆ ಶಹನಾಜ್ ಮೋಮಿನ್ ಎಂಬುವಳ ಮೊಬೈಲ್ ರಿಪೇರಿ ಅಂಗಡಿಯ ಮಾಳಿಗೆ ಮೇಲಿತ್ತು. ಅವಳು ಅವನಿಗಿಂತ ಹತ್ತು ವರ್ಷ ದೊಡ್ಡವಳು, ಕೂಟದ ಬೀಗದ ಕೈ ಅವಳ ಬಳಿ. ಮೊದಲ ದಿನ ಬೆಸುಗೆ ಕಡ್ಡಿ ಕೈಗೆ ಕೊಟ್ಟು, ಕೈ ಸುಟ್ಟರೆ ನಿನ್ನದು, ಬೋರ್ಡ್ ಸುಟ್ಟರೆ ನನ್ನದು ಎಂದಿದ್ದಳು.

ಅನುಮಾನ ಮೂಡಿದ್ದು ಸುಮ್ಮನೆ ಅಲ್ಲ. ಒಂದು ತಿಂಗಳಿಂದ ಮೂರು ಶೆಡ್ಡುಗಳಲ್ಲಿ ಮಾಲೀಕರು ಮಂದಿಯನ್ನು ಆ ಮಗ್ಗದಿಂದ ಈ ಮಗ್ಗಕ್ಕೆ ಬದಲಿ ಮಾಡತೊಡಗಿದ್ದರು. ಬೇರೆಯಾದವರೆಲ್ಲ ಹೆಚ್ಚು ಮಾತಾಡುವ ಜೋಡಿಗಳು. ಅಕ್ಕಿಯಲ್ಲಿ ಕಲ್ಲು ಆರಿಸಿದ ಹಾಗೆ, ಒಂದೂ ತಪ್ಪದೆ. ಯಾರು ಯಾರೊಡನೆ ಎಷ್ಟು ಹೊತ್ತು ಮಾತಾಡುತ್ತಾರೆ ಎಂಬುದು ಮಾಲೀಕನಿಗೆ ಹೇಗೆ ತಿಳಿಯಬೇಕು? ಗೊತ್ತಿರುವುದು ಜರಡಿಗೆ ಮಾತ್ರ. ಇದನ್ನು ಹಿಡಿದು ಹೊರಟ ಕಾಡೇಶನಿಗೆ ನಾಲ್ಕು ಗಂಟೆಯ ಪೊಟ್ಟಣ ಸಿಕ್ಕಿತು. ಅದು ಹೊರಗೆ ಹೋಗುವ ಬಾಗಿಲಿನ ಕೋಡ್ ಬರೆದವರು ಹಾದಿಮನಿ ಸರ್. ಹೆಸರು ಕಂಡಿತು. ಅಲ್ಲಿಗೆ ಓದುವುದನ್ನು ನಿಲ್ಲಿಸಿದ. ಹದಿನೈದು ದಿನದ ಹಿಂದೆ ಸರ್ ಮನೆ ಮುಂದೆ ಬಿಳಿ ಕಾರು ನಿಂತದ್ದು, ಬೂಟು ಹಾಕಿದ ಇಬ್ಬರು ಒಳಗೆ ಕೂತು ಉಪ್ಪಿಟ್ಟು ತಿಂದದ್ದು ನೆನಪಾಯಿತು. ಅಷ್ಟು ಸಾಕಾಯಿತು.

ಸಭೆಯಿಂದ ಮನೆಗೆ ಬಂದು ಅವ್ವ ಬಿಸಿ ರೊಟ್ಟಿ ತಟ್ಟಿ ಹಾಕಿದಳು. ಅವನು ತಿಂದು ಕೈ ತೊಳೆದ. ಆಮೇಲೆ, ಸರ್ ಹಿರಿಯರು, ಅವರಿಲ್ಲದಿದ್ದರೆ ತನ್ನ ಕಿವಿ ಇರುತ್ತಿರಲಿಲ್ಲ, ಒಂದು ಮಾತು ಅಂದರೆ ಅನ್ನಿಸಿಕೊಳ್ಳಬೇಕು ಎಂದಳು. ಅವರು ಊರಿನ ಕಿವಿಯನ್ನೇ ಮಾರಿಕೊಂಡಿದ್ದಾರೆ ಎಂದ ಕಾಡೇಶ. ನೀಲವ್ವ ಒಲೆಯ ಕಡೆ ತಿರುಗಿ ಕೂತಳು.

“ನನಗ ಅದೆಲ್ಲ ತಿಳಿಯೂದಿಲ್ಲೋ ಯಪ್ಪಾ. ನನಗ ಕಾಶವ್ವನ ಮಾತು ಕೇಳಿದ್ರ ಸಾಕು. ಅದೊಂದು ಕಳೀಬ್ಯಾಡ.”

ಕಾಶವ್ವ ಪಕ್ಕದ ಮಗ್ಗದವಳು. ಇಬ್ಬರೂ ಒಂದೇ ವರ್ಷ ಶೆಡ್ಡಿಗೆ ಬಂದವರು, ಒಂದೇ ವರ್ಷ ಕಿವುಡಾದವರು. ಹನ್ನೆರಡು ವರ್ಷ ಕೈಸನ್ನೆಯಲ್ಲೇ ಜಗಳ, ಕೈಸನ್ನೆಯಲ್ಲೇ ರಾಜಿ. ಎರಡು ವರ್ಷದ ಹಿಂದೆ ಆ ಶೆಡ್ಡಿಗೆ ಜರಡಿ ಬಂದ ಮೇಲೆ, ಬಾಕಿ ಉಳಿದ ಹನ್ನೆರಡು ವರ್ಷದ ಚಾಡಿಯನ್ನೆಲ್ಲ ಹೇಳಿಕೊಂಡು ಮುಗಿಸುವವರಂತೆ ದಿನವಿಡೀ ಹರಟುತ್ತಿದ್ದರು. ಮಾಲೀಕನ ಕಣ್ಣು ಇವತ್ತಲ್ಲ ನಾಳೆ ಈ ಜೋಡಿಯ ಮೇಲೂ ಬೀಳುವುದು ಖಂಡಿತ. ಕಾಡೇಶ ಅವ್ವನಿಗೆ ಮಾತು ಕೊಟ್ಟ. ಕಾಶವ್ವನ ಪಕ್ಕದಿಂದ ಅವಳನ್ನು ಯಾರೂ ಎಬ್ಬಿಸದ ಹಾಗೆ ಮಾಡುತ್ತೇನೆ ಎಂದ.

ಮೂರು ದಿನ ಕೂಟದ ಚರ್ಚೆಯ ಪುಟದಲ್ಲಿ ಬರಹದ ಯುದ್ಧ ನಡೆಯಿತು. ಕಾಡೇಶ ಒಂದು ಸಾಲು ಬರೆದರೆ ಸರ್ ಕಡೆಯವರು ಹತ್ತು. ಬಾಗಿಲು ತಾನು ಬರೆದದ್ದು ಹೌದು, ಅದು ಜರಡಿ ಹದ ಮಾಡಲು ಎಂದಷ್ಟೇ ಸರ್ ಬರೆದರು. ಅದರೊಳಗಿಂದ ಏನು ಹೋಗುತ್ತದೆ ಎಂದು ಬರೆಯಲಿಲ್ಲ. ಒಬ್ಬ ಕಾಡೇಶನ ಕಾಗುಣಿತ ತಿದ್ದಿ ಕೆಂಪು ಗೆರೆ ಎಳೆದು ಹಾಕಿದ. ಇನ್ನೊಬ್ಬ, ಬೇಡವಾದರೆ ನಕಲು ತೆಗೆದುಕೊಂಡು ಹೋಗಲಿ, ಬಾಗಿಲು ತೆರೆದೇ ಇದೆಯಲ್ಲ ಎಂದ. ಶಹನಾಜ್ ಮಾತ್ರ, ಎಂಟು ದಿನ ತಡೆಯಿರಿ, ನಾನು ಬೇರಿನಿಂದ ಓದುತ್ತೇನೆ ಎಂದು ಬೇಡಿಕೊಂಡಳು. ಅವಳೂ ಸರ್ ಕಡೆಯವಳೇ ಇರಬೇಕು ಎಂದುಕೊಂಡ ಕಾಡೇಶ. ಎಂಟು ದಿನ ಸಿಕ್ಕರೆ ಗುರುತು ಅಳಿಸಬಹುದಲ್ಲ.

ನಾಲ್ಕನೇ ದಿನ ಅವನು ಕವಲು ಒಡೆದ. ಕೋಡೆಲ್ಲ ನಕಲು ಮಾಡಿಕೊಂಡು, ಪೊಟ್ಟಣ ಹೋಗುತ್ತಿದ್ದ ವಿಳಾಸವನ್ನು ಕತ್ತರಿಸಿ, ‘ಸ್ವಚ್ಛ ಜರಡಿ’ ಎಂದು ಹೆಸರಿಟ್ಟು ಹೊರಗೆ ಬಿಟ್ಟ. ಆದರೆ ಕವಲಿಗೂ ಎರಡನೇ ಕಣ್ಣು ಬೇಕು. ಅದಕ್ಕೆ ಒಬ್ಬ ಸಿದ್ಧನಿದ್ದ.

ಪಾರಿವಾಳ ಎಂಬ ಹೆಸರಿನಿಂದ ಬರೆಯುತ್ತಿದ್ದ ಒಬ್ಬ, ಎರಡೂವರೆ ವರ್ಷದಿಂದ ಎಲ್ಲಿಂದಲೋ ಕೂಟಕ್ಕೆ ಸಹಾಯ ಮಾಡುತ್ತಿದ್ದ. ಮುಖ ಕಂಡವರಿಲ್ಲ. ಯಾರಿಗೂ ಬೇಡವಾದ ಸಣ್ಣಪುಟ್ಟ ರಿಪೇರಿಯನ್ನೆಲ್ಲ ಮಾಡಿ ಕೊಡುತ್ತಿದ್ದ. ಬ್ಯಾಟರಿ ಎರಡು ತಾಸು ಹೆಚ್ಚು ಬರುವಂತೆ ಮಾಡಿದ್ದು ಅವನೇ. ಕಾಡೇಶನಿಗೆ ಅವನು ಇಷ್ಟವಾಗಲು ಕಾರಣ ಬ್ಯಾಟರಿ ಅಲ್ಲ. ಲೋಕದಲ್ಲಿ ಕಾಡೇಶನನ್ನು ‘ಗುರುಗಳೇ’ ಎಂದು ಕರೆದವನು ಅವನೊಬ್ಬನೇ. ಸಭೆಯಲ್ಲಿ ಆದ ಅವಮಾನದ ಸುದ್ದಿ ತಿಳಿದ ಕೂಡಲೇ ಬರೆದಿದ್ದ: ‘ಓದಿದವರ ಸೊಕ್ಕು ಗುರುಗಳೇ. ನೀವು ಬೇರೆ ಮಾಡಿ, ನಾನು ನಿಮ್ಮ ಜೊತೆ ಇದ್ದೇನೆ.’ ಕಾಡೇಶ ಅದನ್ನು ನಾಲ್ಕು ಸಲ ಓದಿದ್ದ.

ಊರು ಎರಡಾಯಿತು. ಯಾರೂ ಕೋಡ್ ಓದಿ ಪಕ್ಷ ಆರಿಸಲಿಲ್ಲ. ಯಾರ ಮನೆಗೆ ಹೆಣ್ಣು ಕೊಟ್ಟಿದೆ, ಯಾರ ಜೊತೆ ಗೋಡೆ ಜಗಳ ಇದೆ, ಅದರ ಮೇಲೆ ಜರಡಿ ನಿರ್ಧಾರವಾಯಿತು. ಚಹಾದಂಗಡಿಯಲ್ಲಿ, ನಿಂದು ಯಾವುದೋ ಎಂದು ಕೇಳಿ ಬೆಂಚು ತೋರಿಸುವಂತಾಯಿತು. ಒಬ್ಬ ಗಂಡ, ಹೆಂಡತಿಯ ಬೈಗುಳ ಶೆಡ್ಡಿನಲ್ಲಿ ಕೇಳಿಸಬಾರದು ಎಂದೇ ಬೇರೆ ಕವಲು ಹಾಕಿಸಿಕೊಂಡನಂತೆ. ಅವಳು ಮರುದಿನವೇ ಅದೇ ಕವಲಿಗೆ ಬಂದಳು. ಕಾಶವ್ವನ ಅಳಿಯ ಹಾದಿಮನಿ ಸರ್ ಕೈಕೆಳಗೆ ಐಟಿಐ ಕಲಿತವನು. ಹೀಗಾಗಿ ಕಾಶವ್ವನ ಕಿವಿಯಲ್ಲಿ ಹಳೆಯದು, ನೀಲವ್ವನ ಕಿವಿಯಲ್ಲಿ ಹೊಸದು.

ಮೊದಮೊದಲು ಎರಡು ಕವಲುಗಳೂ ಒಂದರ ದನಿಯನ್ನು ಇನ್ನೊಂದು ದಾಟಿಸುತ್ತಿದ್ದವು. ಗದ್ದಲ ಸ್ವಲ್ಪ ಹೆಚ್ಚಾಗಿತ್ತು, ಅಷ್ಟೇ. ಆದರೆ ಕಾಡೇಶನಿಗೆ ನಿದ್ದೆ ಹತ್ತಲಿಲ್ಲ. ಆ ಕಡೆಯ ಜರಡಿ ಬೇಹುಗಾರ ಆಗಿದ್ದರೆ ಅದರಿಂದ ಬಂದ ದನಿಯ ಬಾಲಕ್ಕೆ ಏನು ಕಟ್ಟಿರುತ್ತದೋ ಯಾರಿಗೆ ಗೊತ್ತು? ಅವನು ಒಂದು ಸಾಲು ಬರೆದ. ಗುರುತು ತಾಳೆಯಾಗದ ದನಿಯನ್ನು ಗದ್ದಲವೆಂದು ತಿಳಿ, ಹೊರಗಿಡು. ಬರೆದು ಅರ್ಧ ತಾಸಿನಲ್ಲಿ ಪಾರಿವಾಳ ‘ಓದಿದೆ’ ಒತ್ತಿದ. ‘ಇದು ನಿಮ್ಮಂಥವರಿಗೆ ಮಾತ್ರ ಹೊಳೆಯುವಂಥದ್ದು ಗುರುಗಳೇ’ ಎಂದೂ ಬರೆದ.

ಮರುದಿನದಿಂದ ನೀಲವ್ವನಿಗೆ ಕಾಶವ್ವ ಕೇಳಿಸಲಿಲ್ಲ. ಸಂಜೆ ಮನೆಗೆ ಬಂದು, ಕಾಶವ್ವ ಬಾಯಿ ಆಡಿಸುತ್ತಾಳೆ, ಗೋಡೆಯ ಮೇಲಿನ ಹಲ್ಲಿ ಬಾಯಿ ಆಡಿಸಿದ ಹಾಗೆ ಎಂದಳು. ಎಂಟು ದಿನ ತಡೆ, ಎಲ್ಲರೂ ನಮ್ಮ ಕಡೆಗೇ ಬರುತ್ತಾರೆ ಎಂದು ಕಾಡೇಶ ಸಮಾಧಾನ ಹೇಳಿದ. ಹೇಳುವಾಗ ಅವಳ ಮುಖ ನೋಡಲಿಲ್ಲ.

ಆರನೇ ದಿನ ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಅವನು ಅದೇ ಶೆಡ್ಡಿನ ಈಚೆ ತುದಿಯಲ್ಲಿ, ಒಂದು ಮಗ್ಗದ ಕೆಳಗೆ ಅಂಗಾತ ಮಲಗಿ ಬೋಲ್ಟು ಬಿಗಿಯುತ್ತಿದ್ದ. ತಲೆ ಹೊರಳಿಸಿದಾಗ ದೂರದಲ್ಲಿ ಕಾಶವ್ವ ಕಂಡಳು. ಎರಡೂ ಕೈ ಎತ್ತಿದ್ದಳು. ಬಾಯಿ ಹರಿದುಹೋಗುವಷ್ಟು ತೆರೆದಿತ್ತು. ಕುತ್ತಿಗೆಯ ನರ ಉಬ್ಬಿತ್ತು. ಅವನಿಗೆ ಏನೂ ಕೇಳಿಸಲಿಲ್ಲ. ಅವನ ಕಿವಿಯ ಹಿಂದೆಯೂ ಸ್ವಚ್ಛ ಜರಡಿಯೇ ಇತ್ತಲ್ಲ. ಆ ತೆರೆದ ಬಾಯನ್ನು ಅವನು ನೋಡಿದ್ದು ಒಂದು ಕ್ಷಣ ಇರಬಹುದು. ಅಡ್ಡನೂಲು ಒಯ್ಯುತ್ತ ಆಗಲೇ ಕುಪ್ಪಳಿಸತೊಡಗಿದ್ದ ಏಳನೇ ಮಗ್ಗದ ಲಾಳಿ ದಾರಿ ತಪ್ಪಿ ಹಾರಿತು. ಉಕ್ಕಿನ ಮೂತಿಯ ಲಾಳಿ, ಮೊಳದುದ್ದದ್ದು. ಬೆನ್ನು ಮಾಡಿ ನಿಂತಿದ್ದ ನೀಲವ್ವ ಏನೋ ನೆರಳು ಕಂಡು ತಿರುಗಿದಳು, ಲಾಳಿ ಹುಬ್ಬಿಗೆ ಬಡಿಯಿತು.

ಐದು ಹೊಲಿಗೆ. ಅರ್ಧ ಬೆರಳು ಕೆಳಗೆ ಬಿದ್ದಿದ್ದರೆ ಕಣ್ಣು ಹೋಗುತ್ತಿತ್ತು ಎಂದರು ಡಾಕ್ಟರು. ಆಸ್ಪತ್ರೆಯ ಜಗುಲಿಯಲ್ಲಿ ಕಾಶವ್ವ ಕಾಡೇಶನ ಅಂಗಿ ಹಿಡಿದಳು. ಮೂರು ಸಲ ಕೂಗಿದೆ, ನೀಲೀ ಬಗ್ಗು ಅಂತ ಮೂರು ಸಲ ಕೂಗಿದೆ ಎಂದಳು. ಕಾಡೇಶ ತನ್ನ ಜರಡಿ ಕಿತ್ತು ಕೈಯಲ್ಲಿ ಹಿಡಿದಿದ್ದ, ಅದಕ್ಕೇ ಅವನಿಗೆ ಕೇಳಿಸಿತು, ಬರಿಗಿವಿಗೆ.

ಆ ಮಧ್ಯಾಹ್ನವೇ ಅವನು ಆ ಸಾಲನ್ನು ತೆಗೆದ. ಕವಲಿನ ಬೀಗದ ಕೈ ಅವನದೇ, ಯಾರ ‘ಓದಿದೆ’ಯನ್ನೂ ಕಾಯಲಿಲ್ಲ.

ನಾಲ್ಕು ದಿನದ ಮೇಲೆ ನೀಲವ್ವ ಪಟ್ಟಿ ಕಟ್ಟಿಕೊಂಡೇ ಶೆಡ್ಡಿಗೆ ಹೋದಳು. ಅವಳ ಮಗ್ಗದಲ್ಲಿ ಬೇರೆಯವಳು ನಿಂತಿದ್ದಳು. ಅವಳನ್ನು ಹಿಂದಿನ ಗೋಡೆಯ ಕಡೆಗೆ, ಇಪ್ಪತ್ತಮೂರನೇ ಮಗ್ಗಕ್ಕೆ ಹಾಕಿದ್ದರು. ಯಾಕೆ ಎಂದರೆ, ಮಾತು ಜಾಸ್ತಿ ಆಯಿತು ಎಂದು ಮಾಲೀಕನ ಮಗ ನಕ್ಕನಂತೆ. ಕಾಡೇಶ ಇದನ್ನು ಕೇಳಿ ಸೀದಾ ಹಾದಿಮನಿ ಸರ್ ಮನೆಗೆ ನುಗ್ಗುವವನಿದ್ದ. ಬೀದಿ ತಿರುವಿನಲ್ಲಿ ಶಹನಾಜ್ ಸಿಕ್ಕಳು. ಅವನನ್ನೇ ಹುಡುಕಿಕೊಂಡು ಬಂದಿದ್ದಳು. ತೋಳು ಹಿಡಿದು ಮಾಳಿಗೆಯ ಕೋಣೆಗೆ ಕರೆದುಕೊಂಡು ಹೋದಳು.

“ನಿಮ್ಮವ್ವನ ಕಿವ್ಯಾಗ ಇರೂದು ನಿನ್ನ ಕವಲು. ಹೌದಿಲ್ಲೋ?” ಎಂದಳು. “ಹಂಗಿದ್ದ ಮ್ಯಾಲೆ ಅಕಿ ಎಷ್ಟು ಮಾತಾಡ್ತಾಳಂತ ಮಾಲಕಗ ಹ್ಯಾಂಗ ಗೊತ್ತಾತು?”

ಗೋಡೆಯ ಗಡಿಯಾರದಲ್ಲಿ ನಾಲ್ಕಾಗಲು ಎರಡು ನಿಮಿಷವಿತ್ತು. ಶಹನಾಜ್ ಅವನ ಕಿವಿಯ ಹಿಂದಿನ ಜರಡಿಯನ್ನು ಕೇಳಿ ತೆಗೆದುಕೊಂಡು ಮೇಜಿನ ಮೇಲಿಟ್ಟಳು, ಪರದೆ ಅವನ ಕಡೆ ತಿರುಗಿಸಿದಳು. ಇಬ್ಬರೂ ಕಾದರು. ಕೆಳಗಿನ ಅಂಗಡಿಯಲ್ಲಿ ಯಾರೋ ಚಾರ್ಜರ್ ಚೌಕಾಸಿ ಮಾಡುತ್ತಿದ್ದರು. ನಾಲ್ಕಾಯಿತು. ಪರದೆಯ ಮೇಲೆ ಒಂದು ಸಣ್ಣ ಗೆರೆ ಎದ್ದು ಬಿದ್ದಿತು. ಸ್ವಚ್ಛ ಜರಡಿಯಿಂದ ಪೊಟ್ಟಣ ಹೊರಟುಹೋಗಿತ್ತು. ವಿಳಾಸ ಮಾತ್ರ ಬೇರೆ.

ಕತ್ತರಿಸಿದ್ದು ಬಾಲ, ಹಾವು ಒಳಗೇ ಇತ್ತು. ಶಹನಾಜ್ ಹತ್ತು ದಿನ ಕೂತು ಬೇರಿನವರೆಗೆ ಓದಿದ್ದಳು. ಬ್ಯಾಟರಿ ಉಳಿಸುವ ಕೋಡ್ ಎಂದು ಬಂದಿದ್ದರೊಳಗೆ ಒಂದು ತುಂಡು, ಯಾರು ಯಾರೊಡನೆ ಎಷ್ಟು ಮಾತಾಡಿದರು ಎಂದು ಬರೆದಿಟ್ಟುಕೊಂಡು, ಸರ್ ಮಾಡಿದ ಬಾಗಿಲಿನಿಂದಲೇ ಹೊರಗೆ ದಾಟಿಸುತ್ತಿತ್ತು. ಒಂದು ವಿಳಾಸ ಸತ್ತರೆ ಇನ್ನೊಂದು. ಸರ್ ಕವಲಿನಿಂದ ಅದನ್ನು ಅವಳು ನಿನ್ನೆಯಷ್ಟೇ ಕಿತ್ತಿದ್ದಳು. ಬಿಳಿ ಕಾರಿನವರು ಯಾರೆಂದು ಕಾಡೇಶ ತಡವರಿಸಿ ಕೇಳಿದ. ಮಾಳಿಗೆಗೆ ಸೋಲಾರ್ ಹಾಕಿಸಿಕೊಳ್ಳಿ ಎಂದು ಬಂದವರು, ನಮ್ಮ ಮನೆಗೂ ಬಂದಿದ್ದರು ಎಂದಳು ಶಹನಾಜ್.

“ಬರದಾವ ಪಾರಿವಾಳ. ನಿನ್ನೆಯಿಂದ ಅಂವನ ಖಾತೆನ ಇಲ್ಲ, ಹಾರಿಹೋತು. ಈಗ ಇದನ್ನ ನೋಡು ತಮ್ಮಾ.”

ಅವಳು ಬೆರಳಿಟ್ಟ ಕಡೆ ನೋಡಿದ. ಬರೆದವರು: ಪಾರಿವಾಳ. ಎರಡನೇ ಕಣ್ಣು: ಕಾಡೇಶ. ಓದಿದೆ.

ತಾರೀಖು ನೋಡಿದ. ಆ ತಾರೀಖು ಅವನಿಗೆ ಮರೆಯುವಂಥದ್ದಲ್ಲ. ಅವ್ವನ ಕಿವಿಯ ಹಿಂದೆ ಮೊದಲ ಸಲ ಜರಡಿ ಅಂಟಿಸಿದ ದಿನ. ಮಗ್ಗಗಳೆಲ್ಲ ಬಡಿಯುತ್ತಿದ್ದ ಶೆಡ್ಡಿನ ಆ ತುದಿಯಿಂದ ಇವನು ಮೆಲ್ಲಗೆ ‘ಯವ್ವಾ’ ಎಂದಿದ್ದ. ಈ ತುದಿಯಲ್ಲಿ ಅವಳು ಕೈಯಲ್ಲಿದ್ದ ನೂಲು ಬಿಟ್ಟು ತಿರುಗಿದ್ದಳು. ಅವತ್ತು ಅವನು ಲೋಕವನ್ನೇ ನಂಬಿದ್ದ. ಸಂಜೆ ಈ ಕೋಣೆಗೆ ಕುಣಿಯುತ್ತ ಬಂದು, ಬಾಕಿ ಬಿದ್ದಿದ್ದ ಹತ್ತೊಂಬತ್ತು ತಿದ್ದುಪಡಿಗಳಿಗೆ ಹನ್ನೊಂದು ನಿಮಿಷದಲ್ಲಿ ‘ಓದಿದೆ’ ಒತ್ತಿ, ಎಲ್ಲರಿಗೂ ಮಿರ್ಚಿ ತರಲು ಹೋಗಿದ್ದ.

ಸರ್‌ಗೆ ಗೊತ್ತೇ ಎಂದು ಕೇಳಿದ. ನಿನ್ನೆ ಹೇಳಿದೆ ಎಂದಳು. ಸೋಮವಾರ ಮಗ್ಗಗಳ ಸೂಟಿ, ಸಭೆ ಇದೆ, ನೀನಾಗಿಯೇ ಎದ್ದು ಹೇಳಿದರೆ ಛಲೋ, ಯಾರಾದರೂ ಎಳೆದು ಹೇಳಿಸಿದರೆ ಅದು ಬೇರೆ ಎಂದಳು. ಅವಳ ಮಾತಿನಲ್ಲಿ ಕರುಣೆ ಇತ್ತು. ಅದಕ್ಕೇ ಅವನಿಗೆ ಅದರ ಮೇಲೆ ಅನುಮಾನ ಬಂತು. ಇಬ್ಬರೂ ಕೂತು ಕವಲಿನಿಂದ ಆ ತುಂಡನ್ನು ಕಿತ್ತರು. ಒಂದೊಂದು ಸಾಲನ್ನೂ ಅವನು ಎರಡೆರಡು ಸಲ ಓದಿದ, ತುಟಿ ಅಲುಗಿಸುತ್ತ, ಮೊದಲನೇ ಇಯತ್ತೆಯವರ ಹಾಗೆ.

ಸೋಮವಾರ ಪಡಸಾಲೆ ತುಂಬಿತ್ತು. ಬಾಗಿಲ ಹೊರಗೂ ನಿಂತಿದ್ದರು. ನೀಲವ್ವ ಅದೇ ಮೂರನೇ ಸಾಲಿನಲ್ಲಿ, ಹುಬ್ಬಿನ ಮೇಲೆ ಬಿಳಿ ಪಟ್ಟಿ, ಪಕ್ಕದಲ್ಲಿ ಕಾಶವ್ವ. ಸಂಘದ ಪಡಸಾಲೆಯಲ್ಲಿ ಯಾರ ಪಕ್ಕ ಯಾರು ಕೂಡಬೇಕು ಎಂದು ಹೇಳಲು ಮಾಲೀಕನ ಮಗ ಇರಲಿಲ್ಲ. ಕಾಡೇಶ ಎದ್ದು ನಿಂತು ಹೇಳಿದ. ಪೊಟ್ಟಣ ಕಳಿಸಿದ್ದು ಪಾರಿವಾಳದ ಕೋಡ್. ಎರಡೂ ಕವಲಿನಲ್ಲಿ ಈಗ ಅದು ಇಲ್ಲ. ಸ್ವಚ್ಛ ಜರಡಿ ಇವತ್ತಿಗೆ ಮುಗಿಯಿತು, ಅದರ ಬೀಗದ ಕೈ ಶಹನಾಜಕ್ಕನಿಗೆ ಕೊಟ್ಟಿದ್ದೇನೆ, ಸಂಜೆಯೊಳಗೆ ಎಲ್ಲರೂ ಒಂದೇ ಜರಡಿಗೆ ಬರಬಹುದು. ಅವ್ವನ ಹಣೆಗೆ ಪೆಟ್ಟು ಬೀಳಿಸಿದ ಸಾಲು ಬರೆದವನು ನಾನೇ. ಇಷ್ಟನ್ನೂ ಒಂದೇ ಉಸಿರಿಗೆ ಹೇಳಿದ. ಇನ್ನೊಂದು ಉಳಿದಿತ್ತು. ಅದು ನಾಲಿಗೆಯ ತನಕ ಬಂದು ಅಲ್ಲೇ ಕೂತಿತು.

ಹಾದಿಮನಿ ಸರ್ ಎದ್ದರು. ಕನ್ನಡಕ ಒರೆಸಲಿಲ್ಲ, ಈ ಸಲ ನೇರ ನೋಡಿದರು.

“ಅವತ್ತ ನಾ ಅಂದದ್ದು ಅನಬಾರದ ಮಾತು. ಎಲ್ಲಾರ ಮುಂದ ಅಂದಿದ್ದೆ, ಎಲ್ಲಾರ ಮುಂದನ ವಾಪಸ್ ತಗೋತೀನಿ.” ಮೇಜಿಗೆ ಕೈಯೂರಿದರು. “ಆದ್ರ ಮಂದಿಗೆ ಒಂದು ಗೊತ್ತಾಗಬೇಕು, ಇಲ್ಲಾಂದ್ರ ನಾಳೆ ಮತ್ತ ಹಿಂಗ ಆಗತೈತಿ. ಆ ಪಾರಿವಾಳ ಬರದದ್ದರ ಮುಂದ ನಿನ್ನ ಹೆಸರೈತಿ. ಓದಿ ಒತ್ತಿದ್ಯೋ, ಓದದ ಒತ್ತಿದ್ಯೋ?”

ಪಡಸಾಲೆಯಲ್ಲಿ ಫ್ಯಾನಿನ ಸದ್ದನ್ನು ಕೂಡ ಜರಡಿಗಳು ಕಳೆದುಬಿಟ್ಟಿದ್ದವು. ಕಾಡೇಶ ಸರ್ ಮುಖವನ್ನು ಒಂದು ಕೆಟ್ಟ ಬೋರ್ಡನ್ನು ನೋಡುವ ಹಾಗೆ ನೋಡಿದ. ಮಾತು ವಾಪಸ್ ತೆಗೆದುಕೊಂಡದ್ದು ನಿಜವೋ, ಇನ್ನೂ ಬಲವಾಗಿ ಎಸೆಯಲು ಕೈ ಹಿಂದೆ ಎಳೆದದ್ದೋ? ಮುಖದಲ್ಲಿ ಏನೂ ಸಿಗಲಿಲ್ಲ. ಪ್ರಶ್ನೆ ನ್ಯಾಯದ್ದೇ ಆಗಿತ್ತು, ಅದೇ ಅವನನ್ನು ಉರಿಸಿದ್ದು. ಓದಿದ್ದೆ ಎಂದರೆ ಅವನು ಅರವತ್ತು ಮನೆಯ ಮಾತನ್ನು ಗೊತ್ತಿದ್ದೇ ಹೊರಗೆ ಬಿಟ್ಟ ಕಳ್ಳ. ಓದಲಿಲ್ಲ ಎಂದರೆ, ಅವನ ಓದಿನ ಬಗ್ಗೆ ಸರ್ ಅವತ್ತು ಅಂದದ್ದಕ್ಕೆ ಅವನೇ ಎದ್ದು ನಿಂತು ‘ಓದಿದೆ’ ಒತ್ತಿದ ಹಾಗೆ. ಓದದೆ ಒತ್ತಿದ್ದು ಯಾವ ಸಂಭ್ರಮಕ್ಕೆ ಎಂದು ಹೇಳಬೇಕಾದರೆ ಅವ್ವನ ಹೆಸರು ಎತ್ತಬೇಕು. ಅದನ್ನು ಇಲ್ಲಿ, ಈ ನಕ್ಕವರ ನಡುವೆ, ಹರಡಿ ಹಾಕುವುದೇ?

ಗಂಟಲು ಸರಿಮಾಡಿಕೊಂಡ. ಆ ಸಪ್ಪಳ ಎಲ್ಲರ ತಲೆಯೊಳಗೂ ಕೇಳಿಸಿರಬೇಕು, ಕೂತವರೆಲ್ಲ ತುಸು ಮುಂದೆ ಬಾಗಿದರು. ಅವನು ಕಿವಿಯ ಹಿಂದೆ ಕೈ ಹಾಕಿ ಜರಡಿ ಕಿತ್ತು, ಸರ್ ಮುಂದಿದ್ದ ಮೇಜಿನ ಮೇಲೆ ಇಟ್ಟ. ಬಾಗಿಲ ಕಡೆ ನಡೆದ. ಯಾರೂ ತಡೆಯಲಿಲ್ಲ. ಹಿಂದಿನಿಂದ ಅವ್ವ ಕರೆದಳು, ಒಂದೇ ಸಲ. ಬರಿಗಿವಿಗೆ ಅದು ದೂರದಿಂದ ಕೇಳಿದಂತೆ ಕೇಳಿಸಿತು.

ಹೊರಗೆ ಮೆಟ್ಟಿಲ ಬಳಿ ಚಪ್ಪಲಿಗಳ ರಾಶಿ ಬಿದ್ದಿತ್ತು. ಒಳಗೆ ಇಡೀ ಊರು ಕಾಯುತ್ತಿದ್ದಾಗ ಅವನು ಬಗ್ಗಿ ಹುಡುಕಿದ. ಒಂದು ಬೇಗ ಸಿಕ್ಕಿತು, ಇನ್ನೊಂದು ಯಾರದೋ ಚಪ್ಪಲಿಯ ಕೆಳಗೆ ಸಿಕ್ಕಿಕೊಂಡಿತ್ತು. ಎಳೆದು ತೆಗೆದು ಹಾಕಿಕೊಂಡು, ಮಗ್ಗಗಳಿಲ್ಲದೆ ಸುಮ್ಮನೆ ಬಿದ್ದಿದ್ದ ಬೀದಿಗುಂಟ ನಡೆದುಹೋದ.